ಚೀಲದ ಮೇಲಿನ ಹತ್ತು ಸಾಲು: ಸೋಡಿಯಂ ಪರ್ಕಾರ್ಬೊನೇಟಿಗೊಂದು ವ್ಯಾಖ್ಯಾನ

ಬಟ್ಟೆಯ ಕಲೆ ತೆಗೆಯುವ ಬಿಳಿ ಪುಡಿಯ ಡಬ್ಬಿಯನ್ನು ತಿರುಗಿಸಿ ಓದಿದರೆ, ಘಟಕಗಳ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವ ಹೆಸರು ಸೋಡಿಯಂ ಪರ್ಕಾರ್ಬೊನೇಟ್. ಡಿಟರ್ಜೆಂಟ್ ಕಾರ್ಖಾನೆಗೆ ಅದು ಚೀಲಗಟ್ಟಲೆ ಬರುತ್ತದೆ. ಚರ್ಮ ಹದಮಾಡುವ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಚೀಲದ ಮೇಲೂ ಜೊತೆಗೆ ಬರುವ ಸುರಕ್ಷತಾ ಹಾಳೆಯಲ್ಲೂ ಇರುವ ಮಾತುಗಳು ಚುಟುಕಾಗಿರುತ್ತವೆ, ಕಾರಣ ಹೇಳುವುದಿಲ್ಲ. ಯಾವುದೇ ಒಂದು ಕಂಪನಿಯ ಚೀಲವನ್ನು ಹಿಡಿಯದೆ, ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವ ಸೂಚನೆಗಳನ್ನು ಇಲ್ಲಿ ಹತ್ತು ಸಾಲಾಗಿ ಬರೆದುಕೊಂಡು ಒಂದೊಂದನ್ನೇ ಬಿಡಿಸಿದ್ದೇನೆ. ಹತ್ತೂ ಸಾಲುಗಳ ಹಿಂದಿರುವ ಪ್ರಶ್ನೆ ಒಂದೇ: ಬೇಗ ಬಿಟ್ಟುಹೋಗುವ ಆಮ್ಲಜನಕವನ್ನು ಬೇಕಾದ ಗಳಿಗೆಯವರೆಗೆ ತಡೆದಿಡುವುದು ಹೇಗೆ?

1. ಸೋಡಿಯಂ ಪರ್ಕಾರ್ಬೊನೇಟ್, ಲೇಪಿತ ಹರಳು.

ಹೆಸರು ಕೇಳಿದರೆ ಕಾರ್ಬೊನೇಟಿನ ಅಣುವಿನೊಳಗೇ ಹೆಚ್ಚುವರಿ ಆಮ್ಲಜನಕ ಸೇರಿಕೊಂಡಿದೆ ಎನಿಸುತ್ತದೆ. ಹರಳಿನ ಒಳಗೆ ಹಾಗಿಲ್ಲ. ಎರಡು ಪಾಲು ಸೋಡಿಯಂ ಕಾರ್ಬೊನೇಟ್, ಅಂದರೆ ಒಗೆಯುವ ಸೋಡಾ. ಅದಕ್ಕೆ ಮೂರು ಪಾಲು ಹೈಡ್ರೋಜನ್ ಪೆರಾಕ್ಸೈಡ್. ಇವೆರಡನ್ನೂ ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧ. ಹರಳಿನಲ್ಲಿ ನೀರು ಕೂತಿರಬಹುದಾದ ಜಾಗದಲ್ಲಿ ಪೆರಾಕ್ಸೈಡ್ ಕೂತಿದೆ. ತೂಕದ ಲೆಕ್ಕದಲ್ಲಿ ಶೇ 67.5 ಸೋಡಾ, ಶೇ 32.5 ಪೆರಾಕ್ಸೈಡ್. ನೀರಿಗೆ ಹಾಕಿದರೆ ಎರಡೂ ಬಿಡಿಬಿಡಿಯಾಗಿ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತವೆ. ಸೋಡಾ ಜಿಡ್ಡನ್ನು ಸಡಿಲಿಸುತ್ತದೆ, ಪೆರಾಕ್ಸೈಡ್ ಬಣ್ಣವನ್ನು ಅಳಿಸುತ್ತದೆ. ಸವಳು ಮಣ್ಣಿನಿಂದ ಬಟ್ಟೆ ಒಗೆಯುತ್ತಿದ್ದ ಮಡಿವಾಳರಿಗೆ ಇದರ ಮೂರರಲ್ಲಿ ಎರಡು ಪಾಲು ಮೊದಲೇ ಪರಿಚಿತ ಎನ್ನಬೇಕು.

ಈ ಹರಳನ್ನು ಮೊದಲು ತಯಾರಿಸಿದವನು ಸೆಬಾಸ್ಟಿಯನ್ ತನತಾರ್ ಎಂಬ ರಸಾಯನಶಾಸ್ತ್ರಜ್ಞ, 1899ರಲ್ಲಿ. ಆದರೂ ಒಗೆಯುವ ಪುಡಿಯ ಚರಿತ್ರೆಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಇದರ ದಾಯಾದಿ ಸೋಡಿಯಂ ಪರ್ಬೊರೇಟಿಗೆ. 1907ರಲ್ಲಿ ಜರ್ಮನಿಯ ಡುಸೆಲ್ಡಾರ್ಫಿನ ಹೆಂಕೆಲ್ ಕಂಪನಿ ಮಾರುಕಟ್ಟೆಗೆ ತಂದ ಪರ್ಸಿಲ್ ಪುಡಿಯಲ್ಲಿದ್ದದ್ದು ಪರ್ಬೊರೇಟ್. ಕಾರಣ ಸರಳ: ಪರ್ಬೊರೇಟ್ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ, ಪರ್ಕಾರ್ಬೊನೇಟ್ ಕೂರುವುದಿಲ್ಲ.

ಆ ಕೊರತೆಯನ್ನು ತುಂಬಿದ್ದೇ ‘ಲೇಪಿತ’ ಎಂಬ ಪದದ ಹಿಂದಿರುವ ಕೆಲಸ. ಹರಳಿನ ಸುತ್ತ ಸೋಡಿಯಂ ಸಲ್ಫೇಟ್, ಸೋಡಿಯಂ ಸಿಲಿಕೇಟ್, ಸೋಡಿಯಂ ಕಾರ್ಬೊನೇಟ್ ಮುಂತಾದ ಲವಣಗಳ ತೆಳು ಕವಚ. ಬಿಸಿಗಾಳಿಯಲ್ಲಿ ತೇಲುತ್ತಿರುವ ಹರಳುಗಳ ಮೇಲೆ ಲವಣದ ದ್ರಾವಣವನ್ನು ಸಿಂಪಡಿಸಿ, ಅಲ್ಲೇ ಒಣಗಿಸಿ ಈ ಕವಚ ಕಟ್ಟುತ್ತಾರೆ. ಹೊರಗಿನ ತೇವ ಒಳಗೆ ಹೋಗಬಾರದು. ಆದರೆ ಬಕೆಟ್ಟಿನ ನೀರಿಗೆ ಬಿದ್ದಾಗ ಕವಚ ತಡಮಾಡದೆ ಕರಗಬೇಕು. ದಪ್ಪವಾದರೆ ಪುಡಿ ಕರಗುವುದು ನಿಧಾನ, ತೆಳುವಾದರೆ ಕಾವಲು ಸಾಲದು.

2. ಸಕ್ರಿಯ ಆಮ್ಲಜನಕ: ಕನಿಷ್ಠ ಶೇ 13.

ಖರೀದಿದಾರ ದುಡ್ಡು ಕೊಡುವುದು ಈ ಸಂಖ್ಯೆಗೆ. ಶುದ್ಧ ಪರ್ಕಾರ್ಬೊನೇಟಿನಲ್ಲಿ ಸಕ್ರಿಯ ಆಮ್ಲಜನಕದ ಪ್ರಮಾಣ ಶೇ 15.3. ಲೇಪನ ಮತ್ತು ಸ್ಥಿರಕಾರಿಗಳಿಗೆ ಒಂದಷ್ಟು ತೂಕ ಹೋಗುವುದರಿಂದ ಮಾರುಕಟ್ಟೆಯ ಸರಕು 13ರಿಂದ 14.5ರ ನಡುವೆ ನಿಲ್ಲುತ್ತದೆ. ಹಾಗಾಗಿ ಸಂಖ್ಯೆ ತುಸು ಕಡಿಮೆ ಇರುವುದು ಕಲಬೆರಕೆಯ ಗುರುತಲ್ಲ, ಕವಚಕ್ಕೆ ತೆತ್ತ ಬೆಲೆ. ಸಂಶಯಪಡಬೇಕಾದದ್ದು ಅದೇ ಸರಕನ್ನು ಆರು ತಿಂಗಳ ನಂತರ ಅಳೆದಾಗ ಸಂಖ್ಯೆ ಕುಸಿದಿದ್ದರೆ.

ಅಳೆಯಲು ದುಬಾರಿ ಯಂತ್ರ ಬೇಡ. ಪುಡಿಯನ್ನು ಆಮ್ಲದ ನೀರಿನಲ್ಲಿ ಕರಗಿಸಿ, ಬ್ಯೂರೆಟ್ಟಿನಿಂದ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಪೆರಾಕ್ಸೈಡ್ ಇರುವವರೆಗೆ ಬಣ್ಣ ಮಾಯವಾಗುತ್ತಲೇ ಇರುತ್ತದೆ. ಅದು ಮುಗಿದ ಮೇಲೆ ಬಿದ್ದ ಹನಿ ತಿಳಿಗುಲಾಬಿಯಾಗಿ ಉಳಿಯುತ್ತದೆ. ಪಿಯುಸಿ ಪ್ರಯೋಗಾಲಯದಲ್ಲಿ ಪರ್ಮ್ಯಾಂಗನೇಟ್ ಟೈಟ್ರೇಶನ್ ಮಾಡಿದವರಿಗೆ ಇದು ಹೊಸದಲ್ಲ.

3. ಶೇ 1ರ ದ್ರಾವಣದ ಪಿಎಚ್: 10.5ರ ಆಸುಪಾಸು.

ಬಟ್ಟೆಯ ಮೇಲಿನ ಚಹಾ, ಅರಿಸಿನ, ಹಣ್ಣಿನ ರಸದ ಬಣ್ಣವನ್ನು ಮುರಿಯುವುದು ಪೆರಾಕ್ಸೈಡಿನ ಅಖಂಡ ಅಣುವಲ್ಲ. ಅದು ಕ್ಷಾರದಲ್ಲಿ ಒಂದು ಪ್ರೋಟಾನ್ ಕಳೆದುಕೊಂಡಾಗ ಹುಟ್ಟುವ ಪರ್‌ಹೈಡ್ರಾಕ್ಸಿಲ್ ಅಯಾನು. ಪೆರಾಕ್ಸೈಡಿನ ಅರ್ಧದಷ್ಟು ಈ ರೂಪಕ್ಕೆ ಬರಬೇಕಾದರೆ ಪಿಎಚ್ 11.6 ಇರಬೇಕು. 10.5ರಲ್ಲಿ ಬರುವುದು ನೂರಕ್ಕೆ ಏಳರಷ್ಟು ಮಾತ್ರ. ಆದರೆ ಖರ್ಚಾದಷ್ಟೂ ಹೊಸದು ಹುಟ್ಟುತ್ತಿರುವುದರಿಂದ ಆ ಏಳೇ ಸಾಕು. ಔಷಧಿ ಅಂಗಡಿಯ ಪೆರಾಕ್ಸೈಡ್ ಬಾಟಲಿ ಆಮ್ಲದ ಕಡೆಗೆ ವಾಲಿರುತ್ತದೆ, ಆದ್ದರಿಂದ ಅದು ಬಾಳಿಕೆ ಬರುತ್ತದೆ, ಆದ್ದರಿಂದಲೇ ಬಟ್ಟೆಯ ಮೇಲೆ ಮಂದ. ಪರ್ಕಾರ್ಬೊನೇಟ್ ತನಗೆ ಬೇಕಾದ ಕ್ಷಾರವನ್ನು ತಾನೇ ಹೊತ್ತು ತರುತ್ತದೆ.

ಕಣ್ಣಿಗೆ ಬಿದ್ದರೆ ಗಂಭೀರ ಗಾಯ ಎಂಬ ಎಚ್ಚರಿಕೆಯ ಮೂಲವೂ ಇದೇ ಸಾಲು. ಚೀಲ ಸುರಿಯುವವರಿಗೆ ಕನ್ನಡಕ ಬೇಕು.

4. ತಂಪಾದ, ಒಣ ಜಾಗದಲ್ಲಿಡಿ. 40 ಡಿಗ್ರಿ ಸೆಲ್ಸಿಯಸ್ ಮೀರದಿರಲಿ.

ಹತ್ತು ಸಾಲುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಲ್ಲಿ. ಪರ್ಕಾರ್ಬೊನೇಟ್ ಒಡೆದಾಗ ಸೋಡಾ ಉಳಿಯುತ್ತದೆ. ನೀರು, ಆಮ್ಲಜನಕ ಮತ್ತು ಶಾಖ ಹೊರಬರುತ್ತವೆ. ಆ ನೀರೂ ಶಾಖವೂ ಅಲ್ಲೇ ಪಕ್ಕದ ಹರಳಿಗೆ ತಾಗುತ್ತವೆ. ಶೇ 13ರ ಸರಕು ಒಂದು ಕಿಲೋ ಪೂರ್ತಿ ಒಡೆದರೆ ಪೆರಾಕ್ಸೈಡಿನಿಂದ ಹುಟ್ಟುವ ನೀರೇ ಸುಮಾರು 150 ಗ್ರಾಂ. ತೇವದಿಂದ ಒಡೆಯುವ ವಸ್ತು, ಒಡೆಯುತ್ತಾ ತೇವವನ್ನೇ ಹುಟ್ಟಿಸುತ್ತದೆ. ಅರೆಒಣ ಹುಲ್ಲಿನ ಬಣವೆ ಒಳಗೊಳಗೇ ಕಾವೇರುವುದನ್ನು ಕಂಡ ರೈತರಿಗೆ ಇದರ ನಡೆ ಗೊತ್ತು. ಸಣ್ಣ ಡಬ್ಬಿಯಲ್ಲಿ ಶಾಖ ಗೋಡೆಯಿಂದ ಹೊರಗೆ ಸೋರಿಹೋಗುತ್ತದೆ. ಟನ್ ತೂಕದ ದೊಡ್ಡ ಚೀಲದ ನಡುಭಾಗದಲ್ಲಿ ಅದಕ್ಕೆ ದಾರಿಯಿಲ್ಲ. ಆದ್ದರಿಂದ ಪುಡಿಯೂ ಹವೆಯೂ ಒಂದೇ ಆಗಿದ್ದರೂ ರಾಶಿ ದೊಡ್ಡದಾದಷ್ಟೂ ಅಪಾಯ ದೊಡ್ಡದು.

ತಯಾರಕರು ಈ ನಿಧಾನದ ಒಡೆತವನ್ನು ತಿಂಗಳುಗಟ್ಟಲೆ ಕಾದು ನೋಡುವುದರ ಜೊತೆಗೆ ಸೂಕ್ಷ್ಮ ಶಾಖಮಾಪಕದಲ್ಲೂ ಅಳೆಯುತ್ತಾರೆ. 40 ಡಿಗ್ರಿಯಲ್ಲಿ ಇಟ್ಟ ಒಂದು ಗ್ರಾಂ ಪುಡಿಯಿಂದ ಎಷ್ಟು ಮೈಕ್ರೋವ್ಯಾಟ್ ಶಾಖ ಹೊರಡುತ್ತಿದೆ ಎಂಬುದೇ ಅಳತೆ. ಸಂಖ್ಯೆ ಕಡಿಮೆಯಾದಷ್ಟೂ ಲೇಪನ ಒಳ್ಳೆಯದು.

ನಮ್ಮ ನೆಲಕ್ಕೆ ಈ ಸಾಲು ಸುಲಭದ್ದಲ್ಲ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ನೆರಳಿನ ತಾಪವೇ 40 ದಾಟುತ್ತದೆ, ತಗಡಿನ ಗೋದಾಮಿನೊಳಗೆ ಕೇಳುವುದೇ ಬೇಡ. ಮಂಗಳೂರಿನ ಮಳೆಗಾಲದಲ್ಲಿ ತಾಪ ಕಡಿಮೆ, ಆದರೆ ಗಾಳಿಯ ತುಂಬ ನೀರು. ಒಂದು ಊರಿನಲ್ಲಿ ಸಾಲಿನ ಉತ್ತರಾರ್ಧ ಮುರಿಯುತ್ತದೆ, ಇನ್ನೊಂದರಲ್ಲಿ ಪೂರ್ವಾರ್ಧದ ‘ಒಣ’ ಎಂಬ ಪದ.

ಡಿಟರ್ಜೆಂಟ್ ಪೊಟ್ಟಣದೊಳಗೂ ತೇವದ ಮೂಲವಿದೆ. ಪುಡಿಗೆ ಹಾಕುತ್ತಿದ್ದ ಫಾಸ್ಫೇಟಿನಿಂದ ಕೆರೆ ನದಿಗಳಲ್ಲಿ ಪಾಚಿ ಬೆಳೆಯುತ್ತದೆಂದು ಯುರೋಪಿನ ತಯಾರಕರು ಅದರ ಬದಲು ಜಿಯೊಲೈಟಿಗೆ ಹೊರಳಿದರು. ಜಿಯೊಲೈಟಿನ ರಂಧ್ರಗಳಲ್ಲಿ ಅದರ ತೂಕದ ಐದನೇ ಒಂದರಷ್ಟು ನೀರು ಇರಬಲ್ಲದು. ಪಕ್ಕದಲ್ಲಿ ಲೇಪನವಿಲ್ಲದ ಪರ್ಕಾರ್ಬೊನೇಟ್ ಇದ್ದರೆ ಆಮ್ಲಜನಕ ಪೊಟ್ಟಣದಲ್ಲೇ ಕರಗಿಹೋಗುತ್ತಿತ್ತು. ಲೇಪನದ ತಂತ್ರ ಪಕ್ವವಾದ ಮೇಲೆಯೇ ಪರ್ಬೊರೇಟ್ ತನ್ನ ಜಾಗವನ್ನು ಪರ್ಕಾರ್ಬೊನೇಟಿಗೆ ಬಿಟ್ಟುಕೊಟ್ಟಿತು. ಬೋರಾನ್ ಸಂಯುಕ್ತಗಳು ಸಂತಾನಶಕ್ತಿಗೆ ಹಾನಿಕರ ಎಂದು ಯುರೋಪಿನ ಒಕ್ಕೂಟ ವರ್ಗೀಕರಿಸಿದ್ದು ಆ ಬದಲಾವಣೆಗೆ ಇನ್ನಷ್ಟು ಒತ್ತು ಕೊಟ್ಟಿತು.

5. ಗಾಳಿಗಂಡಿ ಮುಚ್ಚಬೇಡಿ, ಹೊರತೆಗೆದದ್ದನ್ನು ಮರಳಿ ಸುರಿಯಬೇಡಿ.

ಶೇ 13ರ ಪುಡಿ ಒಂದು ಕಿಲೋ ಒಡೆದರೆ ಕೋಣೆಯ ತಾಪದಲ್ಲಿ ಸುಮಾರು 100 ಲೀಟರ್ ಆಮ್ಲಜನಕ. 25 ಕಿಲೋ ಚೀಲಕ್ಕೆ 2,500 ಲೀಟರ್. ಗಾಳಿ ಹೊರಹೋಗಲು ಚೀಲಕ್ಕೆ ಸಣ್ಣ ರಂಧ್ರಗಳನ್ನೋ ಕವಾಟವನ್ನೋ ಬಿಟ್ಟಿರುವುದು ಅದಕ್ಕೆ. ಪುಡಿಯನ್ನು ನೀರಲ್ಲಿ ಕಲಸಿ ಬಾಟಲಿಯಲ್ಲಿ ಹಾಕಿ ಬಿರಡೆ ಬಿಗಿದಿಟ್ಟರೆ ಬಾಟಲಿ ಸಿಡಿಯುವುದೂ ಇದೇ ಲೆಕ್ಕದಿಂದ.

ಸಾಲಿನ ಎರಡನೇ ಭಾಗ ಕೊಳೆಯ ಬಗ್ಗೆ. ನೆಲಕ್ಕೆ ಚೆಲ್ಲಿದ ಒಂದು ಸೇರು ಪುಡಿಯನ್ನು ಉಳಿಸಹೋಗಿ ಚೀಲಕ್ಕೆ ಮರಳಿ ಸುರಿದರೆ, ಅದರ ಜೊತೆ ತುಕ್ಕಿನ ಕಣವೂ ತೇವವೂ ಒಳಸೇರುತ್ತವೆ. ಉಳಿಸಿದ್ದು ಒಂದು ಸೇರು, ಪಣಕ್ಕಿಟ್ಟದ್ದು ಇಡೀ ಚೀಲ.

6. ಲೋಹದ ಪುಡಿ, ಆಮ್ಲ, ಸುಡುವ ವಸ್ತುಗಳಿಂದ ದೂರವಿಡಿ.

ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಇವುಗಳ ಅಯಾನುಗಳು ಪೆರಾಕ್ಸೈಡನ್ನು ಒಡೆಯುವ ವೇಗವರ್ಧಕಗಳು. ತಾವು ಖರ್ಚಾಗುವುದಿಲ್ಲ, ಆದ್ದರಿಂದ ಚೂರೇ ಚೂರು ಸಾಕು. ತಯಾರಿಕೆಯಲ್ಲೇ ಮೆಗ್ನೀಸಿಯಂ ಲವಣ, ಸಿಲಿಕೇಟ್ ಸೇರಿಸುವುದು ಇವುಗಳ ಆಟ ಕಟ್ಟಿಹಾಕಲು. ಡಿಟರ್ಜೆಂಟಿನಲ್ಲಿ ಲೋಹಗಳನ್ನು ಬಂಧಿಸುವ ಫಾಸ್ಫೊನೇಟ್ ಇರುವುದೂ ಭಾಗಶಃ ಇದಕ್ಕೇ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಪೆರಾಕ್ಸೈಡ್ ಬಟ್ಟೆಗೆ ತಲುಪುವ ಮುನ್ನವೇ ಬುರುಗಾಗಿ ಹೋಗುತ್ತದೆ. ಬಟ್ಟೆಯ ಮೇಲೆ ತುಕ್ಕಿನ ಕಲೆ ಇದ್ದರೆ ಇನ್ನೂ ಕಷ್ಟ: ಅದೇ ಜಾಗದಲ್ಲಿ ಒಡೆತ ಜೋರಾಗಿ ನಡೆದು ನೂಲು ಸವೆದು ತೂತಾಗಬಹುದು. ಕಲೆ ಹೋಗದೆ ಬಟ್ಟೆ ಹೋಯಿತು ಎಂದು ಪುಡಿಯನ್ನು ಬೈಯುವ ಮೊದಲು ನಲ್ಲಿಯ ನೀರನ್ನು ನೋಡಬೇಕು.

ಸುಡುವ ವಸ್ತುವಿನ ಮಾತು ಬೇರೆ. ಪರ್ಕಾರ್ಬೊನೇಟ್ ತಾನು ಉರಿಯುವುದಿಲ್ಲ, ಉರಿಯುವುದಕ್ಕೆ ಆಮ್ಲಜನಕ ಒದಗಿಸುತ್ತದೆ. ಸಾಗಣೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಯುಎನ್ 3378 ಎಂಬ ಸಂಖ್ಯೆಯಿದೆ, ವರ್ಗ 5.1, ಅಂದರೆ ಉತ್ಕರ್ಷಕಗಳ ವರ್ಗ. ಮರದ ಹೊಟ್ಟು, ಎಣ್ಣೆಬಟ್ಟೆ ಪಕ್ಕದಲ್ಲಿರಬಾರದು.

7. ಬಿಸಿನೀರಿನಲ್ಲಿ ಬಳಸಿ, ಕಲಸಿದ್ದನ್ನು ಆಗಲೇ ಬಳಸಿ ಮುಗಿಸಿ.

ಬರೀ ಪೆರಾಕ್ಸೈಡ್ ಚುರುಕಾಗುವುದು 60 ಡಿಗ್ರಿಯ ಆಚೆ. ಬಟ್ಟೆ ಕುದಿಸುವ ಪದ್ಧತಿಯಿದ್ದ ಯುರೋಪಿಗೆ ಇದು ತೊಡಕಾಗಿರಲಿಲ್ಲ. ಇಂಧನ ಉಳಿಸಲು ಒಗೆತದ ತಾಪ 40ಕ್ಕೆ ಇಳಿದಾಗ ತೊಡಕಾಯಿತು. ಅದಕ್ಕೆ ಸಿಕ್ಕ ಪರಿಹಾರ ಟಿಎಇಡಿ ಎಂಬ ಪ್ರಚೋದಕ. ಕ್ಷಾರದ ನೀರಿನಲ್ಲಿ ಅದು ಪರ್‌ಹೈಡ್ರಾಕ್ಸಿಲ್ ಅಯಾನಿನ ಜೊತೆ ಕೂಡಿ ಪೆರಾಸಿಟಿಕ್ ಆಮ್ಲವಾಗುತ್ತದೆ. ಪೆರಾಸಿಟಿಕ್ ಆಮ್ಲ ಬೆಚ್ಚನೆಯ ನೀರಿನಲ್ಲೇ ಕಲೆಯನ್ನೂ ಸೂಕ್ಷ್ಮಾಣುಗಳನ್ನೂ ಹಣಿಯುತ್ತದೆ.

ತಣ್ಣೀರಿನಲ್ಲಿ ಕೈಯಿಂದ ಒಗೆಯುವ ನಮ್ಮ ಮನೆಗಳಲ್ಲಿ ಬರೀ ಪರ್ಕಾರ್ಬೊನೇಟ್ ಹಾಕಿ ಹತ್ತು ನಿಮಿಷದಲ್ಲಿ ಫಲ ನೋಡಿದರೆ ನಿರಾಸೆಯೇ. ತಾಪ ಕೊಡಲಾಗದಿದ್ದರೆ ಸಮಯ ಕೊಡಬೇಕು: ಗಂಟೆಗಟ್ಟಲೆ ನೆನೆಹಾಕಬೇಕು. ಆದರೆ ಕಲಸಿದ ನೀರನ್ನು ನಾಳೆಗೆಂದು ಎತ್ತಿಟ್ಟರೆ ಉಳಿಯುವುದು ಸೋಡಾ ನೀರು ಮಾತ್ರ. ದ್ರವ ಡಿಟರ್ಜೆಂಟಿನ ಬಾಟಲಿಗಳಲ್ಲಿ ಪರ್ಕಾರ್ಬೊನೇಟ್ ಇರದ ಕಾರಣವೂ ಇದೇ. ಅದನ್ನು ಬಯಸುವವರು ಪುಡಿಗೇ ಹೋಗಬೇಕು.

ಪುಡಿಯಲ್ಲಿ ಇನ್ನೊಂದು ಸಹವಾಸದ ಕಷ್ಟವಿದೆ. ರಕ್ತ, ಹಾಲು, ಮೊಟ್ಟೆಯ ಕಲೆ ತಿನ್ನುವ ಪ್ರೋಟಿಯೇಸ್ ಕಿಣ್ವವೂ ಅದೇ ಪೊಟ್ಟಣದಲ್ಲಿರುತ್ತದೆ. ಕಿಣ್ವದ ಕ್ರಿಯಾಸ್ಥಾನದ ಪಕ್ಕದಲ್ಲಿರುವ ಮೆಥಿಯೊನೀನ್ ಎಂಬ ಅಮೈನೋ ಆಮ್ಲವನ್ನು ಪೆರಾಕ್ಸೈಡ್ ಕೆಡಿಸುತ್ತಿತ್ತು. 1985ರಲ್ಲಿ ಎಸ್ಟೆಲ್, ಗ್ರೇಕಾರ್ ಮತ್ತು ವೆಲ್ಸ್ ಎಂಬ ವಿಜ್ಞಾನಿಗಳು ಆ ಒಂದು ಅಮೈನೋ ಆಮ್ಲವನ್ನು ಬದಲಿಸಿ, ಪೆರಾಕ್ಸೈಡಿಗೆ ಜಗ್ಗದ ಸಬ್ಟಿಲಿಸಿನ್ ಕಿಣ್ವ ಮಾಡಬಹುದೆಂದು ತೋರಿಸಿದರು. ಒಗೆಯುವ ಪುಡಿಯ ಒಂದು ಜಗಳವನ್ನು ಬಿಡಿಸಲು ಪ್ರೋಟೀನಿನ ರಚನೆಯನ್ನೇ ತಿದ್ದಿದರು.

8. ಬಳಕೆ: ಡಿಟರ್ಜೆಂಟ್, ಜವಳಿ, ಚರ್ಮೋದ್ಯಮ.

ಬಟ್ಟೆಯೂ ಚರ್ಮವೂ ಒಂದೇ ಪಟ್ಟಿಯಲ್ಲಿ ಬರುವುದು ಇದೇ ಮೊದಲಲ್ಲ. ಜರ್ಮನಿಯ ಒಟ್ಟೊ ರೋಮ್, ಚರ್ಮ ಮೃದುಗೊಳಿಸಲು ಬಳಸುತ್ತಿದ್ದ ನಾಯಿಯ ಮಲದ ಬದಲು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ಬಳಸಬಹುದೆಂದು ಕಂಡುಕೊಂಡು 1907ರಲ್ಲಿ ಒಟ್ಟೊ ಹಾಸ್ ಜೊತೆ ಕಂಪನಿ ಕಟ್ಟಿದ. 1913ರಲ್ಲಿ ಅದೇ ಬಗೆಯ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ಪೇಟೆಂಟ್ ಪಡೆದ. ಅಂದು ಜ್ಞಾನ ಟ್ಯಾನರಿಯಿಂದ ಒಗೆಯುವ ಕಟ್ಟೆಗೆ ಹೋಯಿತು. ಪರ್ಕಾರ್ಬೊನೇಟಿನ ದಾರಿ ಹಿಮ್ಮುಖ.

ಹಸಿ ಚರ್ಮದ ಕೂದಲು ತೆಗೆಯಲು ಟ್ಯಾನರಿಗಳು ಬಳಸುವುದು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್. ಕೂದಲಿನ ಕೆರಾಟಿನ್ ಗಟ್ಟಿಯಾಗಿರುವುದು ಅದರ ಎಳೆಗಳ ನಡುವಿನ ಗಂಧಕ–ಗಂಧಕ ಬಂಧದಿಂದ. ಸಲ್ಫೈಡ್ ಆ ಬಂಧವನ್ನು ಮುರಿಯುತ್ತದೆ, ಕೂದಲು ಗಂಜಿಯಾಗುತ್ತದೆ. ಚರ್ಮವಾಗಬೇಕಾದ ಕೊಲಾಜೆನ್ನಿನಲ್ಲಿ ಅಂಥ ಬಂಧ ಇಲ್ಲದ್ದರಿಂದ ಅದು ಉಳಿಯುತ್ತದೆ. ತೊಂದರೆ ಬರುವುದು ಆಮೇಲೆ. ಸುಣ್ಣ ತೆಗೆಯುವಾಗ ಪಿಎಚ್ ಇಳಿದಂತೆ ಉಳಿದ ಸಲ್ಫೈಡ್, ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಏಳುತ್ತದೆ. ಕೊಳೆತ ಮೊಟ್ಟೆಯ ನಾತದ ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತ ನಿಂತಿತೆಂದು ಗುಂಡಿಗಿಳಿದವರು ಸಾಯುತ್ತಾರೆ.

ಅದೇ ಗಂಧಕದ ಬಂಧವನ್ನು ಉತ್ಕರ್ಷಣದಿಂದಲೂ ಮುರಿಯಬಹುದು. ಅಮೆರಿಕದ ಕೃಷಿ ಇಲಾಖೆಯ ಪೆನ್ಸಿಲ್ವೇನಿಯಾ ಸಂಶೋಧನಾ ಕೇಂದ್ರದ ಮಾರ್ಮರ್ ಮತ್ತು ಡಡ್ಲಿ, 2005ರಲ್ಲಿ ಪರ್ಕಾರ್ಬೊನೇಟಿನಿಂದ ಕೂದಲು ತೆಗೆಯುವ ಪ್ರಯೋಗಗಳನ್ನು ಪ್ರಕಟಿಸಿದರು. ಈ ದಾರಿಯಲ್ಲಿ ಸಿಸ್ಟೀನ್ ಬಂಧ ಸಿಸ್ಟೆಯಿಕ್ ಆಮ್ಲವಾಗುತ್ತದೆ. ಸಲ್ಫೈಡ್ ಇಲ್ಲ, ಆದ್ದರಿಂದ ವಿಷಾನಿಲವೂ ಇಲ್ಲ.

ಹಾಗಾದರೆ ರಾಣಿಪೇಟೆ, ಆಂಬೂರು, ಕಾನ್ಪುರದ ಟ್ಯಾನರಿಗಳು ಸುಣ್ಣ–ಸಲ್ಫೈಡನ್ನು ಏಕೆ ಬಿಟ್ಟಿಲ್ಲ? ಬೆಲೆ ಒಂದು ಕಾರಣ. ಉಳಿದ ಕಾರಣಗಳು ರಸಾಯನದಲ್ಲೇ ಇವೆ. ಪೆರಾಕ್ಸೈಡ್ ಕೂದಲನ್ನು ಬೇಗ ಕರಗಿಸಬೇಕಾದರೆ 10.5ಕ್ಕಿಂತ ಮೇಲಿನ ಕ್ಷಾರ ಬೇಕು, ಅಂದರೆ ಕಾಸ್ಟಿಕ್ ಸೋಡಾ ಸೇರಿಸಬೇಕು. ಮರದ ಡ್ರಮ್ಮುಗಳನ್ನು ಪೆರಾಕ್ಸೈಡ್ ತಿನ್ನುತ್ತದೆ; ಪ್ಲಾಸ್ಟಿಕ್ ಅಥವಾ ಸ್ಟೀಲ್ ಡ್ರಮ್ಮಿಗೆ ಬದಲಾಗಬೇಕು. ಪರ್ಕಾರ್ಬೊನೇಟಿಗೆ ಇನ್ನೂ ಒಂದು ತೊಡಕು: ಸುಣ್ಣವಿರುವಲ್ಲಿ ಅದರ ಕಾರ್ಬೊನೇಟ್ ಸುಣ್ಣಕಲ್ಲಿನ ಪುಡಿಯಾಗಿ ಚರ್ಮದ ಮೇಲೆ ಕೂರುತ್ತದೆ. ಅದು ನಂತರ ಸುಲಭಕ್ಕೆ ಹೋಗದು, ಬಣ್ಣ ಹಾಕಿದಾಗ ಕಲೆಯಾಗಿ ಕಾಣುತ್ತದೆ. ಸುಣ್ಣ ತೆಗೆಯುವಾಗ ಸಲ್ಫೈಡನ್ನು ಕೊಲ್ಲಲು ಟ್ಯಾನರಿಗಳು ದ್ರವ ಪೆರಾಕ್ಸೈಡನ್ನೇ ಹಿಡಿಯುವುದು ಅದಕ್ಕೆ. ಪಿಎಚ್ ಇಳಿಸಬೇಕಾದ ಹೊತ್ತಿನಲ್ಲಿ ಸೋಡಾ ಸುರಿದರೆ ಕೆಲಸ ಹಿಂದಕ್ಕೆ ಹೋಗುತ್ತದೆ.

9. ಉಣ್ಣೆ, ರೇಷ್ಮೆ, ಚರ್ಮದ ವಸ್ತುಗಳಿಗೆ ಬೇಡ.

ಎಂಟನೇ ಸಾಲು ಚರ್ಮೋದ್ಯಮಕ್ಕೆ ಎನ್ನುತ್ತದೆ, ಒಂಬತ್ತನೆಯದು ಚರ್ಮಕ್ಕೆ ಬೇಡ ಎನ್ನುತ್ತದೆ. ಮೇಲುನೋಟಕ್ಕೆ ವಿರೋಧ, ಆದರೆ ಎರಡೂ ಹೇಳುತ್ತಿರುವುದು ಒಂದೇ ಗುಣವನ್ನು. ಉಣ್ಣೆ ಎಂದರೆ ಕುರಿಯ ಕೂದಲು, ಅದೂ ಕೆರಾಟಿನ್. ಟ್ಯಾನರಿಯಲ್ಲಿ ಕರಗಲೇಬೇಕಾದ್ದು ಸ್ವೆಟರಿನಲ್ಲಿ ಕರಗಬಾರದು. ರೇಷ್ಮೆಯ ಪ್ರೋಟೀನಿನಲ್ಲಿ ಗಂಧಕದ ಬಂಧಗಳು ವಿರಳ, ಆದರೆ ಕ್ಷಾರಕ್ಕೆ ಅದು ಸೋಲುತ್ತದೆ; ಮೈಸೂರು ರೇಷ್ಮೆ ಸೀರೆಯ ಹೊಳಪನ್ನು ಬಕೆಟ್ಟಿನಲ್ಲಿ ಕಳೆದುಕೊಳ್ಳುವುದು ಬೇಡ.

ಹದವಾದ ಚರ್ಮಕ್ಕೆ ಕಾರಣ ಬೇರೆ, ಹೆಚ್ಚು ಗಂಭೀರ. ಬೂಟು, ಬೆಲ್ಟು, ಕೈಚೀಲದ ಚರ್ಮದಲ್ಲಿ ಬಹುಪಾಲು ಹದವಾಗಿರುವುದು ಕ್ರೋಮಿಯಂ ಲವಣದಿಂದ. ಅಲ್ಲಿರುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಹಸಿರು ಕ್ರೋಮ್ ಲವಣಕ್ಕೆ ಕ್ಷಾರವನ್ನೂ ಪೆರಾಕ್ಸೈಡನ್ನೂ ಹಾಕಿ ಕಾಯಿಸಿದರೆ ಹಳದಿ ಕ್ರೋಮೇಟ್ ಆಗುವುದು ಕಾಲೇಜಿನ ಲವಣ ವಿಶ್ಲೇಷಣೆಯ ಪರೀಕ್ಷೆ. ಆ ಹಳದಿ ಎಂದರೆ ಆರು ವೇಲೆನ್ಸಿಯ ಕ್ರೋಮಿಯಂ: ಚರ್ಮರೋಗಕ್ಕೂ ಕ್ಯಾನ್ಸರಿಗೂ ಕಾರಣವಾಗುವಂಥದ್ದು. ಯುರೋಪಿನ ಒಕ್ಕೂಟ 2015ರ ಮೇ 1ರಿಂದ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದಕ್ಕೆ ಕಿಲೋಗೆ 3 ಮಿಲಿಗ್ರಾಂ ಮಿತಿ ಹಾಕಿದೆ. ಪರ್ಕಾರ್ಬೊನೇಟ್ ಕ್ಷಾರವನ್ನೂ ಪೆರಾಕ್ಸೈಡನ್ನೂ ಒಂದೇ ಚಮಚದಲ್ಲಿ ತರುತ್ತದೆ. ಆದ್ದರಿಂದ ಟ್ಯಾನರಿಯಲ್ಲಿ ಅದರ ಕೆಲಸವೇನಿದ್ದರೂ ಕ್ರೋಮ್ ಡ್ರಮ್ಮಿಗೆ ಬೀಳುವ ಮೊದಲೇ ಮುಗಿದು, ತೊಳೆದು ಹೋಗಿರಬೇಕು. ತೊಗಟೆ ಹದದ ಚರ್ಮಕ್ಕೆ ಈ ಭಯವಿಲ್ಲ, ಆದರೆ ಕ್ಷಾರ ತಾಗಿದರೆ ಅದರ ಟ್ಯಾನಿನ್ ಕಪ್ಪಿಡುತ್ತದೆ.

10. ವಿಭಜನೆಯ ನಂತರ ಉಳಿಯುವುದು: ಸೋಡಾ, ನೀರು, ಆಮ್ಲಜನಕ.

ಕ್ಲೋರಿನ್ ಬ್ಲೀಚಿಗೆ ಹೋಲಿಸಿದರೆ ಇದು ನಿಜವಾಗಿ ದೊಡ್ಡ ಗುಣ. ಮನೆಯ ಬಚ್ಚಲಿನಿಂದ ಹರಿಯುವ ಪ್ರಮಾಣಕ್ಕೆ ಈ ಸಾಲು ಸಮಾಧಾನ ಕೊಡುತ್ತದೆ. ಟ್ಯಾನರಿಯ ಪ್ರಮಾಣಕ್ಕೆ ಲೆಕ್ಕ ಹಾಕಿ ನೋಡೋಣ. ಕೊಳೆನೀರಿನ ಒಂದು ಕಿಲೋ ಸಲ್ಫೈಡನ್ನು ಪೂರ್ತಿ ಸಲ್ಫೇಟ್ ಮಾಡಲು ಸುಮಾರು 4.25 ಕಿಲೋ ಪೆರಾಕ್ಸೈಡ್ ಬೇಕು. ಅಷ್ಟನ್ನು ಶುದ್ಧ ಪರ್ಕಾರ್ಬೊನೇಟಿನಿಂದ ಪಡೆಯಲು 13 ಕಿಲೋ ಸುರಿಯಬೇಕು. ಕೆಲಸ ಮುಗಿದ ಮೇಲೆ ಸುಮಾರು 9 ಕಿಲೋ ಸೋಡಾ ನೀರಿನಲ್ಲೇ ಉಳಿಯುತ್ತದೆ. ಟ್ಯಾನರಿ ನೀರಿನ ಹಳೆಯ ಕಾಯಿಲೆಯೇ ಕರಗಿದ ಲವಣ. ಜೈವಿಕ ಶುದ್ಧೀಕರಣ ಅದನ್ನು ಮುಟ್ಟುವುದಿಲ್ಲ. ರಿವರ್ಸ್ ಆಸ್ಮೋಸಿಸ್ ಮಾಡಿ, ಉಳಿದದ್ದನ್ನು ಆವಿ ಮಾಡಿ ಉಪ್ಪನ್ನು ಬೇರ್ಪಡಿಸಬೇಕು. ಸಲ್ಫೈಡಿನ ನೀರಿಗೆ ಮ್ಯಾಂಗನೀಸ್ ಸಲ್ಫೇಟ್ ಹಾಕಿ ಗಾಳಿ ಊದುವ ಹಳೆಯ ವಿಧಾನ ಉಳಿದಿರುವುದು ಇದರಿಂದ: ಆಮ್ಲಜನಕ ಗಾಳಿಯಿಂದ ಪುಕ್ಕಟೆ ಬರುತ್ತದೆ. ಆರನೇ ಸಾಲಿನಲ್ಲಿ ದೂರವಿಡಿ ಎಂದಿದ್ದ ಮ್ಯಾಂಗನೀಸ್ ಇಲ್ಲಿ ಕೂಲಿಯಾಳು.

ಹೀಗಾಗಿ ‘ಪರಿಸರಸ್ನೇಹಿ’ ಎಂಬ ಪ್ರಶಸ್ತಿಯನ್ನು ಪುಡಿಗೆ ಕೊಡುವ ಬದಲು ಬಳಕೆಗೆ ಕೊಡುವುದು ಸರಿ. ಸೋಡಾವೂ ಬೇಕು, ಪೆರಾಕ್ಸೈಡೂ ಬೇಕು ಎಂಬ ಕಡೆ ಪರ್ಕಾರ್ಬೊನೇಟಿನ ಪ್ರತಿ ಗ್ರಾಮಿಗೂ ಕೆಲಸವಿದೆ. ಹತ್ತಿಬಟ್ಟೆಯ ಒಗೆತ ಅಂಥದ್ದು. ಪೆರಾಕ್ಸೈಡ್ ಮಾತ್ರ ಬೇಕಾದ ಕಡೆ ಮೂರರಲ್ಲಿ ಎರಡು ಪಾಲು ಹೊರೆ. ಟ್ಯಾನರಿಯ ಹೆಚ್ಚಿನ ಹಂತಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ. ಡಿಟರ್ಜೆಂಟಿನಲ್ಲಿ ಗೆದ್ದ ಪುಡಿ ಚರ್ಮದ ಕಾರ್ಖಾನೆಯಲ್ಲಿ ಅಂಚಿನಲ್ಲೇ ಉಳಿದಿರುವುದನ್ನು ಅಲ್ಲಿನವರ ಹಿಂಜರಿಕೆ ಎಂದು ಓದಬಾರದು. ಅವರು ಚೀಲದ ಹತ್ತನೇ ಸಾಲನ್ನು ತೂಕದ ಲೆಕ್ಕದಲ್ಲಿ ಓದಿದ್ದಾರೆ.